ಪೆಟ್ಟಿಗೆಯಲ್ಲಿ ಕಾಲವನ್ನು ತುಂಬುವುದು

1979ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಾಲಕರ ವಸತಿಗೃಹವೊಂದರಲ್ಲಿ ತೂಗುಹಾಕಿದ್ದ ದೊಡ್ಡ ತೈಲಚಿತ್ರವೊಂದನ್ನು ಕಲಾಲೋಕ ಕೊನೆಗೂ ಗುರುತಿಸಿತು. ಅಗಲ ಸುಮಾರು 2.86 ಮೀಟರ್, ಎತ್ತರ 1.64 ಮೀಟರ್. ಅಮೆರಿಕದ ಭೂದೃಶ್ಯ ಚಿತ್ರಕಾರ ಫ್ರೆಡರಿಕ್ ಎಡ್ವಿನ್ ಚರ್ಚ್ 1861ರಲ್ಲಿ ರಚಿಸಿದ ‘ದಿ ಐಸ್‌ಬರ್ಗ್ಸ್’ ಅದು. ಮೊದಲು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡು, 1863ರಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿ ರೈಲ್ವೆ ಉದ್ಯಮಿ ಎಡ್ವರ್ಡ್ ವಾಟ್ಕಿನ್ ಕೈ ಸೇರಿತ್ತು. ಆತನ ಮನೆಯೇ ಮುಂದೆ ಬಾಲಕರ ವಸತಿಗೃಹವಾಯಿತು. ಚಿತ್ರ ಎಲ್ಲೋ ಕಳೆದುಹೋಯಿತೆಂದು ಅಮೆರಿಕದ ವಿದ್ವಾಂಸರು ಕೈಚೆಲ್ಲಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 25 ಲಕ್ಷ ಡಾಲರ್ ಬಂತು. ಹರಾಜಿನಲ್ಲಿ ಯಾವ ಅಮೆರಿಕನ್ ಚಿತ್ರಕ್ಕೂ ಅಲ್ಲಿಯವರೆಗೆ ಅಷ್ಟು ಬೆಲೆ ಸಿಕ್ಕಿರಲಿಲ್ಲ. ಈಗ ಅದು ಡಲ್ಲಾಸ್ ಕಲಾ ಸಂಗ್ರಹಾಲಯದಲ್ಲಿದೆ.

ಈ ಕತೆಯನ್ನು ಹೇಳುವವರೆಲ್ಲ ಬೆಲೆಯ ಬಳಿ ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಚಿತ್ರ ಅಟ್ಲಾಂಟಿಕ್ ಸಾಗರವನ್ನು ಎರಡು ಸಲ ದಾಟಿತು ಎನ್ನುವ ಸಂಗತಿ. ಮೊದಲ ಸಲ ಹಡಗು ಹತ್ತಿದಾಗ ಅದರ ಬಣ್ಣಕ್ಕೆ ಎರಡು ವರ್ಷ ವಯಸ್ಸು. ಲಂಡನ್ ಪ್ರದರ್ಶನಕ್ಕೆಂದು ಚರ್ಚ್ ಮುನ್ನೆಲೆಯಲ್ಲಿ ಸೇರಿಸಿದ ಮುರಿದ ಹಡಗುಕಂಬದ ಬಣ್ಣ ಇನ್ನೂ ಎಳೆಯದು. ಎರಡನೆಯ ಸಲ ಹೊರಟಾಗ ಚಿತ್ರದ ಬಣ್ಣಕ್ಕೆ ನೂರ ಹದಿನೆಂಟು ವರ್ಷ. ಕಣ್ಣಿಗೆ ಅದೇ ಚಿತ್ರ; ಭೌತವಿಜ್ಞಾನದ ಲೆಕ್ಕದಲ್ಲಿ ಬೇರೆಯದೇ ವಸ್ತು. ಹಳೆಯ ತೈಲಚಿತ್ರವನ್ನು ಮಾರುವವರು, ಕಟ್ಟಿ ಕಳಿಸುವವರು ಮೊದಲು ತಿಳಿಯಬೇಕಾದದ್ದು ಈ ಬದಲಾವಣೆಯನ್ನು.

ಅಗಸೆ ಎಣ್ಣೆ ಒಣಗುವ ರೀತಿಯೇ ಬೇರೆ. ಒದ್ದೆ ಬಟ್ಟೆ ಆರುವಾಗ ನೀರು ಹೊರಹೋಗುತ್ತದೆ, ತೂಕ ಇಳಿಯುತ್ತದೆ. ಅಗಸೆ ಎಣ್ಣೆ ಗಾಳಿಯಲ್ಲಿರುವ ಆಕ್ಸಿಜನ್ನನ್ನು ಒಳಗೆಳೆದುಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಮೊದಮೊದಲು ಅದರ ತೂಕ ಏರುತ್ತದೆ. ಎಣ್ಣೆಯ ಲಿನೋಲೆನಿಕ್, ಲಿನೋಲೆಯಿಕ್ ಆಮ್ಲಗಳಲ್ಲಿರುವ ದ್ವಿಬಂಧಗಳ ಆಸುಪಾಸಿನಲ್ಲಿ ಆಕ್ಸಿಜನ್ ಕ್ರಿಯೆ ನಡೆಸಿ, ಒಂದು ಅಣುವನ್ನು ಇನ್ನೊಂದಕ್ಕೆ ಬೆಸೆಯುತ್ತ ಹೋಗುತ್ತದೆ. ಕೆಲವು ದಿನಗಳಲ್ಲಿ ಮೇಲ್ಮೈ ಮುಟ್ಟಿದರೆ ಅಂಟದಂತಾಗುತ್ತದೆ, ಆದರೆ ಒಳಗಿನ ಬೆಸುಗೆ ದಶಕಗಳ ಕಾಲ ಮುಂದುವರಿಯುತ್ತದೆ. ಇದರ ಜೊತೆಗೆ ಎಣ್ಣೆ ಒಡೆದು ಬಿಡುಗಡೆಯಾದ ಕೊಬ್ಬಿನಾಮ್ಲಗಳು ಬಣ್ಣದಲ್ಲಿರುವ ಲೋಹಗಳೊಂದಿಗೆ ಕೂಡಿ ಸಾಬೂನುಗಳಾಗುತ್ತವೆ. ಸೀಸದ ಬಿಳಿ ಬಳಸಿದ ಚಿತ್ರಗಳಲ್ಲಿ ಈ ಸಾಬೂನು ಸಣ್ಣ ಸಣ್ಣ ಗಂಟುಗಳಾಗಿ ಮೇಲ್ಮೈಯನ್ನು ಒಡೆದು ಹೊರಗೆ ಇಣುಕುವುದುಂಟು. ಸತುವಿನ ಬಿಳಿಯದು ಇನ್ನೂ ಕಷ್ಟ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮೋಡಕ್ಕೂ ಮಂಜಿಗೂ ಕಲಾವಿದರು ಅದನ್ನು ಇಷ್ಟಪಟ್ಟು ಬಳಸಿದರು. ವಯಸ್ಸಾದಂತೆ ಆ ಪದರ ಬಿರುಸಾಗಿ, ಕೆಳಗಿನ ಪದರದ ಹಿಡಿತ ಬಿಟ್ಟು ಏಳುತ್ತದೆ. ಭೂದೃಶ್ಯದಲ್ಲಿ ಅತಿ ಹಗುರವಾಗಿ ಕಾಣುವ ಆಕಾಶವೇ ಎಷ್ಟೋ ಸಲ ಅತಿ ದುರ್ಬಲ ಭಾಗವಾಗಿರುತ್ತದೆ.

ಬಣ್ಣವಾದರೂ ಮೇಲಿನ ಒಂದು ಪದರ ಅಷ್ಟೆ. ಅದರ ಕೆಳಗೆ ಸೀಮೆಸುಣ್ಣ ಅಥವಾ ಸೀಸದ ಬಿಳಿಯ ತಳಪದರ. ಅದರ ಕೆಳಗೆ ಪ್ರಾಣಿಗಳ ತೊಗಲು-ಮೂಳೆ ಬೇಯಿಸಿ ತೆಗೆದ ಅಂಟು, ನಮ್ಮ ಬಡಗಿಗಳ ಮರವಜ್ರದ ಜಾತಿಯದು. ಅದಕ್ಕೂ ಕೆಳಗೆ ಲಿನನ್ ಕ್ಯಾನ್ವಾಸು. ಅದರ ನಾರು ಬರುವುದು ಎಣ್ಣೆ ಕೊಡುವ ಅಗಸೆ ಗಿಡದಿಂದಲೇ. ಕ್ಯಾನ್ವಾಸನ್ನು ಎಳೆದು ಮೊಳೆ ಹೊಡೆಯಲು ಮರದ ಚೌಕಟ್ಟು. ಎಲ್ಲಕ್ಕೂ ಮೇಲೆ ಡಾಮರ್ ಅಥವಾ ಮ್ಯಾಸ್ಟಿಕ್ ರಾಳದ ವಾರ್ನಿಶ್. ಇವುಗಳಲ್ಲಿ ಒಂದೊಂದೂ ತೇವಕ್ಕೆ, ಚಳಿಗೆ, ಎಳೆತಕ್ಕೆ ಬೇರೆ ಬೇರೆ ರೀತಿಯಲ್ಲಿ ಹಿಗ್ಗಿ ಕುಗ್ಗುತ್ತದೆ, ಬೇರೆ ಬೇರೆ ವೇಗದಲ್ಲಿ. ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಯಾವುದಕ್ಕೂ ತನ್ನ ಪಾಡಿಗೆ ತಾನು ಹಿಗ್ಗುವ ಸ್ವಾತಂತ್ರ್ಯವಿಲ್ಲ. ನಿಧಾನವಾಗಿ ಬಂದ ಬದಲಾವಣೆಗೆ ಪದರಗಳು ಸ್ವಲ್ಪ ಸ್ವಲ್ಪ ಸಡಿಲಿಸಿಕೊಂಡು ಹೊಂದಿಕೊಳ್ಳುತ್ತವೆ. ಥಟ್ಟನೆ ಬಂದರೆ ಬಿರಿಯುತ್ತವೆ. ಪ್ಯಾಕಿಂಗಿನ ವಿಜ್ಞಾನವೆಲ್ಲ ಇದೊಂದು ಸಂಗತಿಯ ಮೇಲೆ ನಿಂತಿದೆ. ಒಳ್ಳೆಯ ಪೆಟ್ಟಿಗೆ ಹೊರಗಿನ ಪ್ರಪಂಚವನ್ನು ಪೂರ್ತಿ ತಡೆಯಲಾರದು. ಆದರೆ ಹೊರಗಿನದು ಒಳಗೆ ಬರುವ ಹೊತ್ತಿಗೆ ಬೇಕಾದಷ್ಟು ಕಾಲ ಕಳೆದಿರುವಂತೆ ಮಾಡಬಲ್ಲದು.

ಮೊದಲು ಮಾರಾಟದ ಮಾತು. ಒಂದು ಕಾಲಕ್ಕೆ ಇಂಥ ಚಿತ್ರಗಳು ಹೆಚ್ಚಾಗಿ ಹರಾಜು ಸಂಸ್ಥೆಗಳ ಮೂಲಕ ಕೈ ಬದಲಾಗುತ್ತಿದ್ದವು. ನೋಡುವವರು, ವಿವರ ಬರೆಯುವವರು, ಪೆಟ್ಟಿಗೆ ಮಾಡುವವರು ಅಲ್ಲೇ ಇರುತ್ತಿದ್ದರು. ಇಂದು ಇಂಗ್ಲೆಂಡಿನ ಹಳ್ಳಿಯ ಅಜ್ಜಿಯ ಕಾಲದ ನದಿದೃಶ್ಯವೊಂದನ್ನು ಅಮೆರಿಕದ ಒಹಾಯೋದಲ್ಲಿ ಕೂತವರು ಪರದೆಯ ಮೇಲೆ ನೋಡಿ ಕೊಳ್ಳುತ್ತಾರೆ. ಆ ಕೆಲಸಗಳೆಲ್ಲ ಮಾರುವವರೊಬ್ಬರ ಹೆಗಲಿಗೇ ಬಿದ್ದಿವೆ. ಕೊಳ್ಳುವವರು ಚಿತ್ರವನ್ನು ಮುಟ್ಟಲಾರರು, ಓರೆಯಾಗಿಸಿ ನೋಡಲಾರರು. ಆದ್ದರಿಂದ ಬೆಳಕಿನಿಂದಲೇ ಆ ಕೆಲಸ ಮಾಡಿಸಬೇಕು.

ಎದುರಿನಿಂದ ಸಮವಾದ ಬೆಳಕು ಬಿಟ್ಟು ತೆಗೆದ ಫೋಟೋ ಬಣ್ಣವನ್ನು ತೋರಿಸುತ್ತದೆ, ಆರೋಗ್ಯವನ್ನು ಮರೆಮಾಡುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚಿತ್ರದ ಒಂದು ಪಕ್ಕದಲ್ಲಿ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದರೆ ಉಬ್ಬುತಗ್ಗುಗಳೆಲ್ಲ ನೆರಳು ಚೆಲ್ಲುತ್ತವೆ. ಬಟ್ಟಲಿನಂತೆ ಅಂಚೆದ್ದ ಬಿರುಕುಗಳು, ಏಳುತ್ತಿರುವ ಹಕ್ಕಳೆ, ಕ್ಯಾನ್ವಾಸಿನ ಜೋಲು, ಎಂದೋ ಹಾಕಿದ ತೇಪೆ, ಎಲ್ಲವೂ ಎದ್ದುಕಾಣುತ್ತವೆ. ಅತಿನೇರಳೆ ಟಾರ್ಚು ಇನ್ನೊಂದು ಸುದ್ದಿ ಹೇಳುತ್ತದೆ. ಹಳೆಯ ರಾಳದ ವಾರ್ನಿಶ್ ಆ ಬೆಳಕಿಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಅದರ ಮೇಲೆ ಆಮೇಲೆ ಯಾರಾದರೂ ತಿದ್ದಿದ್ದರೆ ಆ ಜಾಗ ಕಪ್ಪು ಕಲೆಯಾಗಿ ಬೇರೆ ಕಾಣುತ್ತದೆ. ಇನ್ನು ಹಿಂಬದಿ. ಕ್ಯಾನ್ವಾಸ್ ಮಾರಿದ ಅಂಗಡಿಯ ಮುದ್ರೆ, ಹಳೆಯ ಚೀಟಿ, ಮೊಳೆಯ ಜಾತಿ, ಮರದ ಬಣ್ಣ ಹೇಳುವಷ್ಟು ಇತಿಹಾಸವನ್ನು ಮುಂಬದಿಯ ಸಹಿ ಹೇಳುವುದಿಲ್ಲ. ನನ್ನನ್ನು ಕೇಳಿದರೆ ಹಿಂಬದಿಯ ಫೋಟೋ ಇಲ್ಲದ ಹಳೆಯ ಚಿತ್ರವನ್ನು ಯಾರೂ ಕೊಳ್ಳಬಾರದು.

ವಯಸ್ಸಿನ ಬಗ್ಗೆ ಬಣ್ಣಗಳೇ ಸಾಕ್ಷಿ ನುಡಿಯುತ್ತವೆ. ಪ್ರಷ್ಯನ್ ನೀಲಿ ಹದಿನೆಂಟನೇ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ್ದು. ಕೃತಕ ಅಲ್ಟ್ರಾಮರೀನ್ ಬಂದದ್ದು 1820ರ ದಶಕದ ಕೊನೆಗೆ. ಭೂದೃಶ್ಯ ಚಿತ್ರಕಾರರನ್ನು ಮನೆಯಿಂದ ಹೊರಗೆ ಎಳೆದ ತಗಡಿನ ಬಣ್ಣದ ಟ್ಯೂಬಿಗೆ ಜಾನ್ ಗಾಫ್ ರ‍್ಯಾಂಡ್ ಪೇಟೆಂಟ್ ಪಡೆದದ್ದು 1841ರಲ್ಲಿ. ಟೈಟಾನಿಯಂ ಬಿಳಿ ಕಲಾವಿದರ ಕೈಗೆ ಸಿಕ್ಕಿದ್ದು 1920ರ ಸುಮಾರಿಗೆ. ಕಲಾವಿದ ಹೈನ್ರಿಖ್ ಕಾಂಪೆಂಡೊಂಕ್ 1914ರಲ್ಲಿ ಬರೆದದ್ದೆಂದು ನಂಬಿಸಿ 2006ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ 28 ಲಕ್ಷ ಯೂರೋಗೂ ಹೆಚ್ಚು ಬೆಲೆಗೆ ಹರಾಜಾದ ಕುದುರೆಗಳ ಚಿತ್ರದಲ್ಲಿ ಈ ಟೈಟಾನಿಯಂ ಬಿಳಿ ಸಿಕ್ಕಿಬಿತ್ತು. ಅದನ್ನು ಬರೆದಿದ್ದ ವೋಲ್ಫ್‌ಗಾಂಗ್ ಬೆಲ್ಟ್ರಾಕಿಗೆ 2011ರಲ್ಲಿ ಜೈಲಾಯಿತು. ಮನೆಯ ಚಿತ್ರವನ್ನು ಮಾರುವವರು ಪ್ರಯೋಗಾಲಯಕ್ಕೆ ಓಡಬೇಕಿಲ್ಲ. ಆದರೆ ಆಧಾರವಿಲ್ಲದೆ ವರ್ಷವನ್ನಾಗಲಿ ಕಲಾವಿದನ ಹೆಸರನ್ನಾಗಲಿ ಬರೆಯಬಾರದು.

ಭಾರತದಲ್ಲಿರುವವರಿಗೆ ಇದಕ್ಕೂ ಮೊದಲಿನ ಒಂದು ಮೆಟ್ಟಿಲಿದೆ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಚಿತ್ರ ಪುರಾವಸ್ತು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಪುರಾವಸ್ತುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ನೂರು ತುಂಬದಿದ್ದರೂ ಕೆಲವು ಕಲಾವಿದರ ಕೃತಿಗಳನ್ನು ಕಲಾಸಂಪತ್ತೆಂದು ಘೋಷಿಸಲಾಗಿದೆ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್ ಅವರೊಂದಿಗೆ ಹಿಮಾಲಯದ ದೃಶ್ಯಗಳ ನಿಕೋಲಸ್ ರೋರಿಕ್ ಕೂಡ ಆ ಪಟ್ಟಿಯಲ್ಲಿದ್ದಾರೆ. ರೋರಿಕ್ ಅವರ ಚಿತ್ರಗಳನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದು. ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ, ನೂರು ವರ್ಷ ತುಂಬಿದ ಬ್ರಿಟಿಷ್ ಕಾಲದ ಭೂದೃಶ್ಯವನ್ನು ವಿದೇಶದವರಿಗೆ ಮಾರಿ ಪಾರ್ಸೆಲ್ ಮಾಡುವುದು, ಎಷ್ಟೇ ಸದುದ್ದೇಶದಿಂದಲೇ ಆಗಲಿ, ಕಾನೂನುಬಾಹಿರ. ಫೋಟೋ ಹಾಕುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ದೇಶದೊಳಗೆ ಮಾರಿದರೂ ಸಾಗಣೆಯ ವಿಜ್ಞಾನ ಅದೇ. ಮೈಸೂರಿನಿಂದ ಕೋಲ್ಕತ್ತಾಗೆ ಹೋಗುವ ಲಾರಿಯಲ್ಲಿ ಕುಲುಕಾಟ ಕಡಿಮೆ ಇರುವುದಿಲ್ಲ.

ಈಗ ಬೀಳುವ ಲೆಕ್ಕ. ಪಾರ್ಸೆಲ್ ಎತ್ತುವವರ ಸೊಂಟದಿಂದ ನೆಲಕ್ಕೆ ಸುಮಾರು 75 ಸೆಂಟಿಮೀಟರ್ ಎನ್ನೋಣ. ಅಷ್ಟು ಎತ್ತರದಿಂದ ಕೈಜಾರಿದ ಪೆಟ್ಟಿಗೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 3.8 ಮೀಟರ್. ಈ ವೇಗ ಸೊನ್ನೆಗೆ ಇಳಿಯಲೇಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎನ್ನುವುದರಲ್ಲಿ ಚಿತ್ರದ ಹಣೆಬರಹವಿದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ಗುರುತ್ವದ ಎಷ್ಟು ಪಟ್ಟು ಬಲ ಸರಾಸರಿಯಾಗಿ ಎರಗಿತು ಎಂಬ ಅಂದಾಜು ಸಿಗುತ್ತದೆ. ಬರೀ ರಟ್ಟಿನ ಡಬ್ಬದಲ್ಲಿ ಚೌಕಟ್ಟಿನ ಮೂಲೆ 2 ಮಿಲಿಮೀಟರಿನಲ್ಲಿ ನಿಂತುಬಿಟ್ಟರೆ ಉತ್ತರ 375. ಅದೇ ಚಿತ್ರ 25 ಮಿಲಿಮೀಟರ್ ಕುಗ್ಗುವ ಫೋಮಿನ ಮೇಲೆ ಬಿದ್ದರೆ 30. ಕ್ಯಾನ್ವಾಸ್ ಚಿತ್ರಗಳನ್ನು ಸಾಗಿಸುವ ಸಂಗ್ರಹಾಲಯಗಳು ಸಾಮಾನ್ಯವಾಗಿ 50ರ ಆಸುಪಾಸನ್ನು ದಾಟಬಾರದ ಗೆರೆಯಾಗಿ ಇಟ್ಟುಕೊಳ್ಳುತ್ತವೆ. ಬಿದ್ದ ಎತ್ತರ ಎರಡರಲ್ಲೂ ಒಂದೇ; ಫೋಮು ಕೊಟ್ಟದ್ದು ನಿಲ್ಲಲು ಇನ್ನಷ್ಟು ಕಾಲ, ಸೆಕೆಂಡಿನ ನೂರನೇ ಒಂದು ಭಾಗದಷ್ಟು. ಉಳಿವಿಗೆ ಅಷ್ಟು ಸಾಕು.

ಆದರೆ ಫೋಮು ಕುಗ್ಗಿದರೆ ತಾನೆ ಆ ಕಾಲ ಸಿಗುವುದು. ಇಲ್ಲಿ ಬಹಳ ಜನ ಎಡವುತ್ತಾರೆ. ಗಟ್ಟಿ ಫೋಮಿನ ದಪ್ಪ ಹಾಳೆಯ ಮೇಲೆ ಹಗುರ ಚಿತ್ರವನ್ನು ಉದ್ದಕ್ಕೂ ಕೂರಿಸಿದರೆ ಫೋಮು ಅಲುಗುವುದೇ ಇಲ್ಲ. ಅದು ಹಲಗೆಗೆ ಸಮ. ತೀರಾ ಮೆತ್ತನೆಯದಾದರೆ ಪೂರ್ತಿ ಅಮುಕಿಹೋಗಿ ಚೌಕಟ್ಟು ಪೆಟ್ಟಿಗೆಯ ತಳಕ್ಕೇ ಬಡಿಯುತ್ತದೆ. ಭಾರವನ್ನು ಎಷ್ಟು ಜಾಗದ ಮೇಲೆ ಹರಡಿದ್ದೇವೆ ಎನ್ನುವುದು ಮುಖ್ಯ. ಆರು ಕೆ.ಜಿ. ತೂಗುವ, 80 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ದಪ್ಪದ ಚೌಕಟ್ಟನ್ನು ಉದ್ದಕ್ಕೂ ಫೋಮಿನ ಮೇಲೆ ನಿಲ್ಲಿಸಿದರೆ ಚದರ ಸೆಂಟಿಮೀಟರಿಗೆ ಬೀಳುವುದು 12.5 ಗ್ರಾಂ ಭಾರ. ಎರಡು ಮೂಲೆಗಳಲ್ಲಿ 10 ಸೆಂಟಿಮೀಟರ್ ಉದ್ದದ ತುಂಡುಗಳ ಮೇಲೆ ಮಾತ್ರ ನಿಲ್ಲಿಸಿದರೆ ಅದು 50 ಗ್ರಾಂ ಆಗುತ್ತದೆ, ಆಗ ಗಟ್ಟಿ ಫೋಮೂ ಕೆಲಸ ಮಾಡತೊಡಗುತ್ತದೆ. ವೃತ್ತಿನಿರತರು ಚಿತ್ರವನ್ನು ಮೂಲೆಗಳಲ್ಲಿ ಮಾತ್ರ ಹಿಡಿಸುವುದು ಈ ಕಾರಣಕ್ಕೆ. ಥರ್ಮೋಕೋಲ್ ಹಾಳೆ ಇಲ್ಲಿ ಕೈಕೊಡುತ್ತದೆ: ಒಂದು ಸಲ ಜಜ್ಜಿಹೋದರೆ ಮತ್ತೆ ಏಳುವುದಿಲ್ಲ, ಎರಡನೆಯ ಸಲ ಬಿದ್ದರೆ ರಕ್ಷಣೆ ಇಲ್ಲ.

ಸಾಗಣೆಯ ಅಧ್ಯಯನಗಳು ತೋರಿಸಿದ ಇನ್ನೊಂದು ಸತ್ಯ ಮೊದಲ ಸಲ ಕೇಳಿದವರಿಗೆ ತಲೆಕೆಳಗು ಅನಿಸುತ್ತದೆ. ಪೊಟ್ಟಣ ಹಗುರವಾದಷ್ಟೂ ಅದು ಹೆಚ್ಚು ಎತ್ತರದಿಂದ ಬೀಳುತ್ತದೆ. ಒಂದು ಕೈಯಲ್ಲಿ ಎತ್ತಬಹುದಾದದ್ದನ್ನು ಜನ ಎಸೆಯುತ್ತಾರೆ. ಇಬ್ಬರು ಹಿಡಿಯಲೇಬೇಕಾದದ್ದನ್ನು ನೆಲದ ಹತ್ತಿರ ಇಟ್ಟುಕೊಂಡೇ ಸಾಗಿಸುತ್ತಾರೆ. ಹಾಗಾಗಿ ಸಾಗಣೆ ಖರ್ಚು ಉಳಿಸಲು ಚಿಕ್ಕ ಚಿತ್ರವನ್ನು ತೆಳು ರಟ್ಟಿನಲ್ಲಿ ಕಟ್ಟುವುದು ಅದನ್ನು ಅಪಾಯಕ್ಕೆ ಒಡ್ಡಿದಂತೆ. ಬೇಕಾದದ್ದು ಪ್ಲೈವುಡ್ಡಿನ ಪೆಟ್ಟಿಗೆ, ಎರಡು ಬದಿ ಹಿಡಿಕೆ, ಮೊಳೆಯ ಬದಲು ಸ್ಕ್ರೂ. ಮೊಳೆ ಹೊಡೆಯುವಾಗಿನ ಒಂದೊಂದು ಪೆಟ್ಟೂ ಒಳಗಿನ ಬಣ್ಣಕ್ಕೆ ತಗಲುತ್ತದೆ.

ಬೀಳುವುದಕ್ಕಿಂತ ಮೌನವಾದ ಶತ್ರು ಕಂಪನ. ಎಳೆದು ಕಟ್ಟಿದ ಕ್ಯಾನ್ವಾಸಿಗೆ ತನ್ನದೇ ಆದ ಆವರ್ತನವಿದೆ. ಲಾರಿಯ ಅಲುಗಾಟ ಅದಕ್ಕೆ ತಾಳೆಯಾದರೆ ಕ್ಯಾನ್ವಾಸಿನ ನಡುಭಾಗ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಸಡಿಲವಾದ ಕ್ಯಾನ್ವಾಸು ಇನ್ನೂ ಹೆಚ್ಚು. ಚೌಕಟ್ಟಿನ ಹಿಂಬದಿಗೆ ರಟ್ಟನ್ನೋ ತೆಳು ಹಲಗೆಯನ್ನೋ ಸ್ಕ್ರೂ ಹಾಕಿ ಮುಚ್ಚಿದರೆ ನಡುವೆ ಸಿಕ್ಕಿಕೊಂಡ ಗಾಳಿ ಆ ತೂಗಾಟವನ್ನು ಅಡಗಿಸುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಉಪಾಯ ಇನ್ನೊಂದಿಲ್ಲ. ಚೌಕಟ್ಟಿನ ಒಳಮೂಲೆಗಳಲ್ಲಿ ಸಣ್ಣ ಮರದ ಬೆಣೆಗಳಿರುತ್ತವೆ. ಅವು ಕಳಚಿ ಕ್ಯಾನ್ವಾಸಿಗೂ ಮರಕ್ಕೂ ನಡುವೆ ಸಿಕ್ಕಿಕೊಂಡರೆ ದಾರಿಯುದ್ದಕ್ಕೂ ಒಂದೇ ಜಾಗವನ್ನು ಒತ್ತುತ್ತವೆ. ಮೊದಲೇ ದಾರದಿಂದ ಕಟ್ಟಿಡಬೇಕು. ವಾಹನದಲ್ಲಿ ಚಿತ್ರ ನೆಟ್ಟಗೆ ನಿಂತು, ಅದರ ಮುಖ ವಾಹನದ ಪಕ್ಕದ ಗೋಡೆಯ ಕಡೆಗಿದ್ದರೆ ಒಳ್ಳೆಯದು. ಆಗ ಬ್ರೇಕ್ ಹಾಕಿದ ಧಕ್ಕೆ ಕ್ಯಾನ್ವಾಸಿನ ಅಂಚಿನುದ್ದಕ್ಕೆ ಹರಿಯುತ್ತದೆ, ಅದರ ಎದೆಗೆ ಬಡಿಯುವುದಿಲ್ಲ.

ಹಳೆಯ ಚಿತ್ರವನ್ನು ಚೌಕಟ್ಟಿನಿಂದ ಕಳಚಿ ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸುವುದನ್ನು ನಾನು ಒಪ್ಪಲಾರೆ. ಒಂದು ಮಿಲಿಮೀಟರ್ ದಪ್ಪದ ಚಿತ್ರವನ್ನು ಹತ್ತು ಸೆಂಟಿಮೀಟರ್ ವ್ಯಾಸದ ಕೊಳವೆಗೆ ಸುತ್ತಿದರೆ ಹೊರಮೈ ಸುಮಾರು ನೂರಕ್ಕೆ ಒಂದರಷ್ಟು ಹಿಗ್ಗಬೇಕಾಗುತ್ತದೆ. ಎಳೆಯ ಬಣ್ಣ ಹಿಗ್ಗೀತು. ಶತಮಾನ ದಾಟಿದ ಬಣ್ಣ, ಅದರಲ್ಲೂ ಚಳಿಯಲ್ಲಿ, ಬಿರಿಯುತ್ತದೆ.

ಇನ್ನು ತೇವ. ಊರಹಬ್ಬದಲ್ಲಿ ತಮಟೆ ಬಾರಿಸುವವರು ಮೊದಲು ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಾರೆ. ತೇವ ಕುಡಿದು ಜೋತ ತೊಗಲು ಬಿಸಿಗೆ ಬಿಗಿಯಾಗಿ ನಾದ ಕೊಡುತ್ತದೆ. ಕ್ಯಾನ್ವಾಸಿಗೆ ಬಳಿದ ಅಂಟೂ ಅದೇ ತೊಗಲಿನ ಕೊಲಾಜೆನ್, ಅದರ ನಡತೆಯೂ ಅದೇ. ಚಿತ್ರ ಸಂರಕ್ಷಣೆಯ ಸಂಶೋಧಕ ಮೇರಿಯನ್ ಮೆಕ್ಲೆನ್‌ಬರ್ಗ್ 1982ರಲ್ಲಿ ಈ ಪದರಗಳನ್ನು ಒಂದೊಂದಾಗಿ ಎಳೆದು ಅಳೆದರು. ಗಾಳಿ ಒಣಗಿದಾಗ ಚಿತ್ರವನ್ನು ಜಗ್ಗುವುದು ಕ್ಯಾನ್ವಾಸಲ್ಲ, ಕೂದಲೆಳೆಯಷ್ಟು ತೆಳುವಾದ ಈ ಅಂಟಿನ ಪದರ. ಸಾಪೇಕ್ಷ ಆರ್ದ್ರತೆ ಶೇ. 80 ದಾಟಿತೆಂದರೆ ಅಂಟು ಶಕ್ತಿ ಕಳೆದುಕೊಳ್ಳುತ್ತದೆ, ಆಗ ಕ್ಯಾನ್ವಾಸಿನ ನೂಲು ಉಬ್ಬಿ ಬಟ್ಟೆ ಕುಗ್ಗುತ್ತದೆ. ಬಣ್ಣ ಕುಗ್ಗಲಾರದೆ ಮೇಲಕ್ಕೆ ಏಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿಗೆ ಹೆದರಿ ವೇಲ್ಸಿನ ಮ್ಯಾನಡ್ ಕಲ್ಲುಗಣಿಯೊಳಗೆ ಇಟ್ಟಿದ್ದರು. ತೇವವೂ ತಾಪವೂ ಏಕರೀತಿಯಲ್ಲಿದ್ದ ಆ ಗವಿಯಲ್ಲಿ ಬಣ್ಣ ಏಳುವುದು ಬಹುಮಟ್ಟಿಗೆ ನಿಂತೇಹೋಯಿತು. ಯುದ್ಧ ಮುಗಿದು ಲಂಡನ್ನಿಗೆ ಮರಳಿದ ಮೇಲೆ ಮತ್ತೆ ಶುರುವಾಯಿತು. ಸಂಗ್ರಹಾಲಯಗಳು ಹವಾ ನಿಯಂತ್ರಣವನ್ನು ಗಂಭೀರವಾಗಿ ತೆಗೆದುಕೊಳ್ಳಲು ಈ ಅನುಭವವೂ ಕಾರಣ.

ಪೆಟ್ಟಿಗೆಯೊಳಗೆ ಗಣಿಯನ್ನು ಕಟ್ಟಲಾಗದು, ಆದರೆ ಅದರ ಗುಣವನ್ನು ಸ್ವಲ್ಪ ತರಬಹುದು. 25 ಡಿಗ್ರಿ ತಾಪದಲ್ಲಿ, ಶೇ. 50 ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಹನ್ನೆರಡು ಗ್ರಾಮಿಗಿಂತ ಕಡಿಮೆ. ಅದೇ ಗಾಳಿಯಲ್ಲಿಟ್ಟ ಒಂದು ಕೆ.ಜಿ. ಮರದೊಳಗೆ ಸುಮಾರು 80ರಿಂದ 90 ಗ್ರಾಂ ನೀರಿರುತ್ತದೆ. ಖಾಲಿ ಡಬ್ಬದ ಗಾಳಿಯನ್ನು 14 ಡಿಗ್ರಿಗೆ ತಣಿಸಿದರೆ ಹನಿಗಟ್ಟುತ್ತದೆ. ಮರ, ರಟ್ಟು, ಬಟ್ಟೆ ತುಂಬಿದ ಡಬ್ಬದಲ್ಲಿ ಹಾಗಾಗುವುದಿಲ್ಲ. ಅವು ಗಾಳಿಯ ನೀರನ್ನು ಹೀರಿಯೋ ಬಿಟ್ಟುಕೊಟ್ಟೋ ಆರ್ದ್ರತೆಯನ್ನು ಹತೋಟಿಯಲ್ಲಿಡುತ್ತವೆ. ಆದ್ದರಿಂದ ಚಿತ್ರವನ್ನು, ಅದರ ಹಿಂಬದಿ ರಟ್ಟನ್ನು, ಚೌಕಟ್ಟನ್ನು ಒಟ್ಟಿಗೆ ಪಾಲಿಥೀನ್ ಹಾಳೆಯಲ್ಲಿ ಸುತ್ತಿ, ಸಂದುಗಳಿಗೆ ಟೇಪ್ ಹಚ್ಚಿ ಮುಚ್ಚಬೇಕು. ಮಳೆಗಾಲದ ಒದ್ದೆ ದಿನ ಬೇಡ, ಒಣ ದಿನ ನೋಡಿ ಮುಚ್ಚಬೇಕು. ಏಕೆಂದರೆ ಅಂದಿನ ಹವೆಯನ್ನೇ ಅದು ಒಳಗೆ ಹೊತ್ತೊಯ್ಯುತ್ತದೆ. ಬಣ್ಣದ ಮುಖಕ್ಕೆ ಏನೂ ತಾಗಬಾರದು. ಬಬಲ್ ರ‍್ಯಾಪನ್ನು ನೇರವಾಗಿ ಒತ್ತಿ ಸುತ್ತಿದರೆ ಬಿಸಿಲಲ್ಲಿ ಮೆತ್ತಗಾದ ವಾರ್ನಿಶ್ಶಿನ ಮೇಲೆ ಗುಳ್ಳೆಗಳ ಅಚ್ಚು ಸಾಲಾಗಿ ಮೂಡುತ್ತದೆ. ಹೊರಚೌಕಟ್ಟಿನ ಅಂಚು ಬಣ್ಣಕ್ಕಿಂತ ಮೇಲಿದ್ದರೆ ಅದರ ಮೇಲೆ ರಟ್ಟು ಕೂರಿಸಿ, ಆಮೇಲೆ ಸುತ್ತಬೇಕು. ಹಕ್ಕಳೆ ಏಳುತ್ತಿರುವ ಚಿತ್ರವನ್ನು ಕಟ್ಟಲೇಬಾರದು. ಅದಕ್ಕೆ ಮೊದಲು ಸಂರಕ್ಷಕರ ಕೈ ತಾಗಬೇಕು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್ ನಡೆಸುವ ಕೇಂದ್ರವಿದೆ, ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಸೀಸದ ಬಣ್ಣ ವಿಷವೆಂಬುದನ್ನೂ ಮರೆಯದೆ, ಪುಡಿಯಾದ ಬಣ್ಣವನ್ನು ಬರಿಗೈಯಲ್ಲಿ ಒರೆಸಬಾರದು.

ಚಳಿ ಕೊನೆಯದು. ತಾಪ ಇಳಿದಂತೆ ಎಣ್ಣೆಬಣ್ಣ ಬಾಗುವ ಗುಣ ಬಿಟ್ಟು ಗಾಜಿನ ಗುಣಕ್ಕೆ ಹೊರಳುತ್ತದೆ. ಬೇಸಿಗೆಯಲ್ಲಿ ತಾಳಿಕೊಂಡ ಅದೇ ಧಕ್ಕೆಗೆ ಹಿಮಗಾಲದಲ್ಲಿ ಒಡೆಯಬಹುದು. ಚಳಿದೇಶಗಳಿಗೆ ಕಳಿಸುವವರು ಡಿಸೆಂಬರ್, ಜನವರಿಯನ್ನು ಬಿಟ್ಟು ಕಳಿಸಿದರೆ ಅರ್ಧ ಅಪಾಯ ಕಳೆಯುತ್ತದೆ. ಫೋಮು ತುಂಬಿದ ಮರದ ಪೆಟ್ಟಿಗೆ ಹೊರಗಿನ ತಾಪವನ್ನು ಕೆಲವು ಗಂಟೆ ತಡೆಯುತ್ತದೆ, ದಿನಗಟ್ಟಲೆ ತಡೆಯುವುದಿಲ್ಲ. ಶುಕ್ರವಾರ ಕೊಟ್ಟ ಪಾರ್ಸೆಲ್ ವಾರಾಂತ್ಯವಿಡೀ ಯಾವುದೋ ಶೆಡ್ಡಿನಲ್ಲಿ ಕೊರೆಯುತ್ತ ಕೂರುತ್ತದೆ. ಸೋಮವಾರ ಕೊಡುವುದು ಜಾಣತನ.

ಪೆಟ್ಟಿಗೆ ತಲುಪಿದ ಕೂಡಲೇ ತೆರೆಯುವ ಆಸೆ ಯಾರಿಗಾದರೂ ಆಗುತ್ತದೆ. ಒಂದು ಇಡೀ ದಿನ, 24 ಗಂಟೆ, ಅದನ್ನು ಮನೆಯೊಳಗೆ ಹಾಗೆಯೇ ಬಿಡಬೇಕು. ತಣ್ಣನೆಯ ಚಿತ್ರಕ್ಕೆ ಬೆಚ್ಚನೆಯ ಕೋಣೆಯ ಗಾಳಿ ತಾಗಿದರೆ ಅದರ ಮೈಮೇಲೆ ನೀರು ಹನಿಯುತ್ತದೆ; ಅಷ್ಟು ದೂರ ಜೋಪಾನವಾಗಿ ಬಂದ ಅಂಟಿಗೆ ಅದೇ ಸಾಕು. ತೆರೆಯುವಾಗ ಒಂದೊಂದು ಹಂತದ ಫೋಟೋ ತೆಗೆದು, ಮಾರಿದವರು ಓರೆಬೆಳಕಿನಲ್ಲಿ ತೆಗೆದಿದ್ದ ಫೋಟೋದ ಪಕ್ಕದಲ್ಲಿಟ್ಟು ಬಿರುಕುಗಳನ್ನು ಒಂದೊಂದಾಗಿ ಹೋಲಿಸಬೇಕು. ಹೊಸ ಬಿರುಕು ಕಂಡರೆ ವಿಮೆಗೆ ಆ ಜೋಡಿ ಫೋಟೋಗಳೇ ಪುರಾವೆ. ಪಾಲಿಥೀನ್ ಹಾಳೆಯನ್ನು ಕೊಡವಿ ಎಸೆಯಬಾರದು. ಅದರ ಮಡಿಕೆಗಳಲ್ಲಿ ಉಗುರಿನ ತುದಿಯಷ್ಟು ಬಣ್ಣದ ಚಕ್ಕೆ ಸಿಕ್ಕರೂ ಬಿಳಿ ಕಾಗದದಲ್ಲಿ ಮಡಚಿ, ಚಿತ್ರದ ಯಾವ ಮೂಲೆಯ ಬಳಿ ಸಿಕ್ಕಿತೆಂದು ಬರೆದಿಟ್ಟರೆ, ಸಂರಕ್ಷಕರು ಅದನ್ನು ಸೂಕ್ಷ್ಮದರ್ಶಕದಡಿ ಅದರ ಜಾಗಕ್ಕೇ ಮತ್ತೆ ಅಂಟಿಸಬಲ್ಲರು.